ಮುದಿ ಯಂತ್ರಗಳಿಗೆ ಮರುಜನ್ಮ

ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನ ಪ್ರಾಂತದಲ್ಲಿ ಪೋರ್ಟ್‌ಲೆಂಡ್ ಎಂಬುದೊಂದು ಸಣ್ಣ ಊರು. ವರ್ಷದ ಬಹುಭಾಗ ತನ್ನ ಪಾಡಿಗೆ ತಾನಿರುವ ಈ ಊರಿಗೆ ಆಗಸ್ಟ್ ತಿಂಗಳು ಬಂದಿತೆಂದರೆ ಜಾತ್ರೆಯ ಕಳೆ ಏರುತ್ತದೆ. ದೂರದೂರದ ಪ್ರಾಂತಗಳಿಂದ ಬಂಡಿಗಳ ಮೇಲೆ ಬಂಡಿಗಳು ಬಂದು ಮೈದಾನದಲ್ಲಿ ಬೀಡು ಬಿಡುತ್ತವೆ. ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಎತ್ತುಗಳನ್ನು ದನಗಳ ಜಾತ್ರೆಗೆ ಕರೆತರುವ ಕನ್ನಡನಾಡಿನ ರೈತನ ಸಂಭ್ರಮವನ್ನು ಬಲ್ಲವರಿಗೆ ಇಲ್ಲಿಯ ಸಡಗರ ಹೊಸದೆನಿಸದು. ಆದರೆ ಬಂಡಿಗಳಿಂದ ಇಳಿಯುವವು ಎತ್ತುಗಳಲ್ಲ; ಹಳೆಯ ಎಂಜಿನುಗಳು, ಮತ್ತು ಆಳಿನ ಸೊಂಟದೆತ್ತರಕ್ಕೆ ಬರುವ ಪುಟ್ಟ ಟ್ರಾಕ್ಟರುಗಳು!

ಒಂದು ಕೆಂಪು, ಒಂದು ಹಸುರು, ಮತ್ತೊಂದು ಹಳದಿ. ಅರುವತ್ತು ವರ್ಷ ದಾಟಿದ ಯಂತ್ರಗಳು ನಿನ್ನೆ ತಾನೆ ಕಾರ್ಖಾನೆಯಿಂದ ಹೊರಬಿದ್ದಂತೆ ಥಳಥಳಿಸುತ್ತವೆ. ಅವುಗಳ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ತಮ್ಮ ಯಂತ್ರದ ಜಾತಕವನ್ನು ಬಿಚ್ಚಿಡುವ ವೃದ್ಧರ ಮುಖದಲ್ಲಿ ಮೊಮ್ಮಗನ ಬುದ್ಧಿವಂತಿಕೆಯನ್ನು ವರ್ಣಿಸುವ ತಾತನ ಹೆಮ್ಮೆ ತುಳುಕುತ್ತಿರುತ್ತದೆ. ಇವುಗಳಲ್ಲಿ ಎಷ್ಟೋ ಯಂತ್ರಗಳು ಗುಜರಿಗೆ ಹೋಗಬೇಕಾದವು. ಯಾರದೋ ಹಿತ್ತಿಲಿನಲ್ಲಿ ಬಳ್ಳಿ ಹಬ್ಬಿಸಿಕೊಂಡು ತುಕ್ಕು ತಿನ್ನುತ್ತ ಬಿದ್ದಿದ್ದವು. ಅವಕ್ಕೆ ಮರುಜನ್ಮ ಕೊಟ್ಟವರು ಶ್ರೀಮಂತರೂ ಅಲ್ಲ, ವಿದ್ವಾಂಸರೂ ಅಲ್ಲ. ಉಪಾಧ್ಯಾಯರು, ಬಡಗಿಗಳು, ಗುಮಾಸ್ತರು, ನಿವೃತ್ತ ಕಾರ್ಮಿಕರು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಗಾದೆ. ಈ ಹವ್ಯಾಸದಲ್ಲಿ ಕೈಯೇನೋ ಮಸಿಯಾಗುತ್ತದೆ, ಮೊಸರು ಮಾತ್ರ ದೊರೆಯುವುದಿಲ್ಲ. ಆದರೂ ಇವರು ಬಿಡುವುದಿಲ್ಲವಲ್ಲ, ಏಕೆ?

ಛಾಯಾಗ್ರಾಹಕನ ನೇಗಿಲು

ತೋಟದ ಟ್ರಾಕ್ಟರೆಂದರೆ ಹೊಲದ ಟ್ರಾಕ್ಟರಿನ ಆಟಿಕೆಯ ಪ್ರತಿರೂಪವಲ್ಲ; ಹುಲ್ಲು ಕತ್ತರಿಸುವುದಕ್ಕಷ್ಟೇ ಬಳಸುವ ಹಗುರವಾದ ಯಂತ್ರವೂ ಅಲ್ಲ. ಅದರ ಚೌಕಟ್ಟು ಗಟ್ಟಿ, ಗೇರುಗಳು ಬಲಿಷ್ಠ. ನೇಗಿಲು ಕಟ್ಟಿದರೆ ನೆಲ ಉಳುತ್ತದೆ, ಮುಂದೆ ಹಲಗೆ ಕಟ್ಟಿದರೆ ಚಳಿಗಾಲದಲ್ಲಿ ಬಾಗಿಲ ಮುಂದಣ ಹಿಮವನ್ನು ತಳ್ಳುತ್ತದೆ, ಹೊಟ್ಟೆಯಡಿ ಅಲಗು ಕಟ್ಟಿದರೆ ಹುಲ್ಲು ಕತ್ತರಿಸುತ್ತದೆ. ಒಂದೆರಡು ಎಕರೆಯ ಯಜಮಾನನಿಗೆ ಅದೇ ಎತ್ತು, ಅದೇ ಆಳು.

ಇದರ ಪೂರ್ವಜರಲ್ಲೊಂದನ್ನು ನಿರ್ಮಿಸಿದವನು ರೈತನಲ್ಲ, ಒಬ್ಬ ಛಾಯಾಗ್ರಾಹಕ ಎಂದರೆ ಆಶ್ಚರ್ಯವಾದೀತು. ವೆಸ್ಟ್ ವರ್ಜೀನಿಯ ಪ್ರಾಂತದ ಬೆಂಜಮಿನ್ ಗ್ರೇವ್ಲಿ ಎಂಬಾತನಿಗೆ ತೋಟಗಾರಿಕೆಯ ಗೀಳು. ಕೈಯಿಂದ ತಳ್ಳುವ ನೇಗಿಲಿನೊಡನೆ ಸೆಣಸಿ ಬೇಸತ್ತು, ಹಳೆಯ ಮೋಟಾರ್ ಸೈಕಲ್ಲಿನ ಭಾಗಗಳನ್ನು ಅದಕ್ಕೆ ಜೋಡಿಸಿ ಪ್ರಯೋಗಕ್ಕೆ ತೊಡಗಿದ. 1916ರಲ್ಲಿ ಆತನ ಮೋಟಾರು ನೇಗಿಲಿಗೆ ಪೇಟೆಂಟು ದೊರೆಯಿತು. 1922ರಲ್ಲಿ ಡನ್‌ಬಾರ್ ಎಂಬ ಊರಿನಲ್ಲಿ ಕಂಪನಿ ಆರಂಭವಾಯಿತು. ಆತನ ಮೊದಲ ಯಂತ್ರಕ್ಕೆ ಇದ್ದುದು ಒಂದೇ ಚಕ್ರ, ಎರಡೂವರೆ ಅಶ್ವಶಕ್ತಿ. ಮುಂದೆ ಎರಡು ಚಕ್ರದ ಯಂತ್ರಗಳು ಬಂದವು. ಹಿಡಿ ಹಿಡಿದು ಹಿಂದೆ ನಡೆಯಬೇಕಾದ ಇಂತಹ ಯಂತ್ರದ ರೂಪ ಕನ್ನಡಿಗರಿಗೆ ಅಪರಿಚಿತವಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಆರಂಭವಾದ ವಿ.ಎಸ್.ಟಿ. ಸಂಸ್ಥೆಯ ಪವರ್ ಟಿಲ್ಲರನ್ನು ಗದ್ದೆಗಳಲ್ಲಿ ಕಂಡವರು ಇದೂ ಆ ಕುಲದ್ದೇ ಎಂದು ಗುರುತಿಸಬಲ್ಲರು.

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಪಟ್ಟಣಗಳು ಹೊರಕ್ಕೆ ಹರಡಿದವು. ಸೈನ್ಯದಿಂದ ಮರಳಿದ ತರುಣರು ಪಟ್ಟಣದಂಚಿನಲ್ಲಿ ಮನೆ ಕಟ್ಟಿದರು. ಮನೆಯ ಸುತ್ತ ವಿಶಾಲವಾದ ನೆಲ. ಕುದುರೆ ಸಾಕುವಷ್ಟು ದೊಡ್ಡದಲ್ಲ, ಗುದ್ದಲಿಗೆ ಬಗ್ಗುವಷ್ಟು ಚಿಕ್ಕದೂ ಅಲ್ಲ. ಈ ನಡುವಣ ಸ್ಥಿತಿಯೇ ಪುಟ್ಟ ಟ್ರಾಕ್ಟರಿನ ಭಾಗ್ಯೋದಯಕ್ಕೆ ಕಾರಣವಾಯಿತು. 1946ರ ಹೊತ್ತಿಗೆ ಇಂಡಿಯಾನದ ಸೌತ್ ಬೆಂಡ್ ಪಟ್ಟಣದಲ್ಲಿ ಎಲ್ಮರ್ ಪಾಂಡ್ ಮತ್ತು ಆತನ ಮಗ ಸೆಸಿಲ್ ಮನೆಯ ಗ್ಯಾರೇಜಿನಲ್ಲೇ ಟ್ರಾಕ್ಟರು ಕಟ್ಟತೊಡಗಿದರು. ಅದೇ ಮುಂದೆ ‘ವೀಲ್ ಹಾರ್ಸ್’ ಎಂದು ಹೆಸರಾಯಿತು. ಹಲವು ಕುದುರೆಗಳ ಬಂಡಿಯಲ್ಲಿ ಚಕ್ರಕ್ಕೆ ತೀರ ಹತ್ತಿರ ನಿಂತು ಹೆಚ್ಚಿನ ಭಾರ ಹೊರುವ ಕುದುರೆಗೆ ಅಲ್ಲಿ ಆ ಹೆಸರು.

ದೊಡ್ಡ ಕಂಪನಿಗಳೂ ಸುಮ್ಮನಿರಲಿಲ್ಲ. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ‘ಕಬ್ ಕೆಡೆಟ್’ ಹಳದಿ ಬಿಳಿ ಉಡುಪಿನಲ್ಲಿ ಬಂದಿತು. 1963ರಲ್ಲಿ ಜಾನ್ ಡಿಯರ್ ಸಂಸ್ಥೆ ‘110’ ಎಂಬ ಮಾದರಿಯನ್ನು ವಿಸ್ಕಾನ್ಸಿನ್ ಪ್ರಾಂತದ ಹೊರಿಕಾನ್ ಕಾರ್ಖಾನೆಯಿಂದ ಹೊರತಂದಿತು. ಎರಡರಲ್ಲೂ ಇದ್ದುದು ಏಳು ಅಶ್ವಶಕ್ತಿಯ ಕೋಲರ್ ಎಂಜಿನ್. ಹೌದು, ಸ್ನಾನಗೃಹದ ನಲ್ಲಿ, ತೊಟ್ಟಿಗಳ ಮೇಲೆ ಕಾಣುವ ಹೆಸರೇ! 1883ರಲ್ಲಿ ಜಾನ್ ಮೈಕೇಲ್ ಕೋಲರ್ ಎರಕದ ಕಬ್ಬಿಣದ ತೊಟ್ಟಿಗೆ ಎನಾಮಲ್ ಲೇಪಿಸಿ ಸ್ನಾನದ ತೊಟ್ಟಿ ಮಾಡಿದ. ಮುಂದೆ ಆ ಸಂಸ್ಥೆಯೇ ಟ್ರಾಕ್ಟರಿನ ಎಂಜಿನ್ನಿಗೆ ಎರಕದ ಕಬ್ಬಿಣದ ಒಡಲು ಕೊಟ್ಟಿತು. ಈ ಪುಟ್ಟ ಎಂಜಿನುಗಳು ಇಂದಿಗೂ ಬದುಕಿ ಉಳಿದಿರುವುದರ ಗುಟ್ಟು ಆ ಗಟ್ಟಿ ಒಡಲಿನಲ್ಲೂ ಇದೆ.

ಚಿಕಿತ್ಸೆಯ ಕ್ರಮ

ಮುವತ್ತು ವರ್ಷ ಮಳೆ ಬಿಸಿಲಿಗೆ ಬಿದ್ದಿದ್ದ ಯಂತ್ರ ಮನೆಗೆ ಬಂದಿತೆನ್ನಿ. ಅನುಭವವಿಲ್ಲದವನು ಪೆಟ್ರೋಲು ತುಂಬಿ ಹಗ್ಗ ಎಳೆಯುತ್ತಾನೆ, ಏನೋ ಮುರಿದುಕೊಳ್ಳುತ್ತಾನೆ. ಬಲ್ಲವನು ವೈದ್ಯನಂತೆ ಮೊದಲು ನಾಡಿ ನೋಡುತ್ತಾನೆ. ಸ್ಪಾರ್ಕ್ ಪ್ಲಗ್ ಕಳಚಿ, ಆ ರಂಧ್ರದಿಂದ ಎಣ್ಣೆ ಬಿಟ್ಟು, ಕೆಲವು ದಿನ ಸುಮ್ಮನಿರುತ್ತಾನೆ. ಸಿಲಿಂಡರಿಗೆ ಅಂಟಿಕೊಂಡ ಪಿಸ್ಟನ್ನಿನ ಸುತ್ತ ಎಣ್ಣೆ ಇಳಿಯಬೇಕು. ಸುತ್ತಿಗೆಯಿಂದ ಆಗದ ಕೆಲಸವನ್ನು ತಾಳ್ಮೆ ಮಾಡುತ್ತದೆ. ಒಂದು ಬೆಳಿಗ್ಗೆ ಕೈಯಿಂದ ತಿರುವಿದಾಗ ಫ್ಲೈವೀಲ್ ಕೂದಲೆಳೆಯಷ್ಟು ಅಲುಗಿತೆಂದರೆ ಮನೆಮಂದಿಯನ್ನೆಲ್ಲ ಕೂಗಿ ಕರೆಯುವಷ್ಟು ಹರ್ಷ!

ಬಳಿಕ ಕಿಡಿಯ ಸರದಿ. ಈ ಎಂಜಿನುಗಳಲ್ಲಿ ಕಿಡಿ ಹುಟ್ಟಿಸುವುದಕ್ಕೆ ‘ಪಾಯಿಂಟು’ ಎಂಬ ಎರಡು ಪುಟ್ಟ ಲೋಹದ ತುದಿಗಳಿವೆ. ಅವು ಕೂಡಿ, ಅಗಲುವ ಗಳಿಗೆಯಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹಳೆಯ ಕೋಲರ್ ಎಂಜಿನ್ನಿನಲ್ಲಿ ಅವುಗಳ ನಡುವಣ ಅಂತರ 0.020 ಅಂಗುಲ, ಸುಮಾರು ಅರ್ಧ ಮಿಲಿಮೀಟರು. ಅಲ್ಲಿ ತೆಳುವಾದ ಕಿಲುಬು ಕಟ್ಟಿದರೂ ಸಾಕು, ಏಳು ಕುದುರೆಗಳೂ ಮಲಗಿಬಿಡುತ್ತವೆ! ಆಮೇಲೆ ಕಾರ್ಬ್ಯುರೇಟರು. ನಿಂತ ಪೆಟ್ರೋಲು ಕಾಲಕ್ರಮದಲ್ಲಿ ಅರಗಿನಂತೆ ಗಟ್ಟಿಯಾಗಿ ಅದರ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿರುತ್ತದೆ. ಅವನ್ನೆಲ್ಲ ಬಿಡಿಸಿ, ತೊಳೆದು, ಮೊದಲಿನಂತೆ ಜೋಡಿಸಬೇಕು.

ತುಕ್ಕನ್ನು ಬಿಡಿಸುವ ಒಂದು ವಿಧಾನ ಮಕ್ಕಳಿಗೆ ವಿಜ್ಞಾನದ ಪಾಠದಂತಿದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು ತುಂಬಿ ವಾಷಿಂಗ್ ಸೋಡ ಕರಗಿಸುತ್ತಾರೆ. ತುಕ್ಕು ಹಿಡಿದ ಭಾಗವನ್ನು ಅದರಲ್ಲಿ ತೂಗಿಬಿಟ್ಟು ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಅದಕ್ಕೂ, ಧನ ತಂತಿಯನ್ನು ಒಂದು ನಿರುಪಯೋಗಿ ಕಬ್ಬಿಣದ ತಗಡಿಗೂ ಜೋಡಿಸುತ್ತಾರೆ. ವಿದ್ಯುತ್ತು ಹರಿದಂತೆ ತುಕ್ಕು ಸಡಿಲವಾಗುತ್ತದೆ. ಕೆಳಗಣ ಒಳ್ಳೆಯ ಲೋಹಕ್ಕೆ ಗಾಯವಾಗುವುದಿಲ್ಲ. ಆದರೆ ಆಗ ಹೊರಡುವ ಜಲಜನಕ ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಕೆಲಸ ಬಯಲಿನಲ್ಲೇ ಆಗಬೇಕು. ತಗಡು ಸ್ಟೇನ್‌ಲೆಸ್ ಸ್ಟೀಲಿನದಾಗಿರಲೇಕೂಡದು, ಅದರಿಂದ ವಿಷಕರವಾದ ಕ್ರೋಮಿಯಂ ಸಂಯುಕ್ತಗಳು ನೀರಿಗಿಳಿಯುತ್ತವೆ.

ಬಣ್ಣದ ಜಗಳ

ಯಂತ್ರ ಓಡಿತು, ಇನ್ನು ಬಣ್ಣ. ಇಲ್ಲಿ ಗೆಳೆಯರಲ್ಲೇ ಎರಡು ಪಂಗಡ. ಮೊದಲ ದಿನದ ಕಾಂತಿ ಬರುವಂತೆ ಉಜ್ಜಿ, ಬಳಿದು, ಹೊಸ ಹೆಸರುಪಟ್ಟಿ ಅಂಟಿಸಬೇಕೆಂಬುದು ಒಂದರ ವಾದ. ಮಾಸಿದ ಬಣ್ಣವನ್ನು ಮುಟ್ಟಲೇಬಾರದೆಂಬುದು ಇನ್ನೊಂದರ ಹಟ. ಪೆಡಲಿನ ಮೇಲೆ ಸವೆದ ಗುರುತು ಅರುವತ್ತು ವರ್ಷ ಅದನ್ನು ಒತ್ತಿದ ಪಾದದ್ದು. ಅದನ್ನು ಅಳಿಸಿದ ಮೇಲೆ ಮತ್ತೆ ತರಲು ಯಾರಿಂದ ಸಾಧ್ಯ ಎಂದು ಇವರ ಪ್ರಶ್ನೆ. ತುಕ್ಕು ತಿಂದು ತೂತಾದ ಮೇಲೆ ಆ ಗುರುತೆಲ್ಲಿ ಉಳಿದೀತು ಎಂದು ಅವರ ಮರುಪ್ರಶ್ನೆ. ವಾದ ಮುಗಿಯುವುದಿಲ್ಲ, ಕಾಫಿ ಮುಗಿಯುತ್ತದೆ.

ಬಣ್ಣದಲ್ಲಿಯೂ ವಿನೋದವಿದೆ. ಹಸುರಿಗೆ ಹೆಸರಾದ ಜಾನ್ ಡಿಯರ್ ಸಂಸ್ಥೆಯೇ 1969ರಲ್ಲಿ ಗೃಹಿಣಿಯರ ಮನವೊಲಿಸಲೆಂಬಂತೆ ಬಿಳಿಯ ಒಡಲಿನ ಟ್ರಾಕ್ಟರುಗಳನ್ನು ಮಾರಿತು. ಅವುಗಳ ಮುಚ್ಚಳಕ್ಕೂ ಆಸನಕ್ಕೂ ಕೆಂಪು, ಕಿತ್ತಳೆ, ನೀಲಿ, ಹಳದಿಗಳಲ್ಲಿ ಮೆಚ್ಚಿದ್ದನ್ನು ಆರಿಸಿಕೊಳ್ಳಬಹುದಿತ್ತು. ಸೀರೆಯಂಗಡಿಯ ಈ ನೀತಿ ಟ್ರಾಕ್ಟರಿಗೆ ಒಗ್ಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಅಂದು ಬೇಡವಾದ ಆ ಬಣ್ಣದ ಯಂತ್ರಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

ಎಚ್ಚರಿಕೆಯ ಮಾತೊಂದನ್ನು ಹಿರಿಯರು ಮರೆಯದೆ ಹೇಳುತ್ತಾರೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಹಳೆಯ ಕ್ಲಚ್ಚು, ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮೂಗು ಬಾಯಿ ರಕ್ಷಿಸಿಕೊಳ್ಳದೆ ಉಜ್ಜಬಾರದು. ಇಂದಿನ ಯಂತ್ರಗಳಲ್ಲಿ ಸವಾರ ಆಸನದಿಂದ ಎದ್ದರೆ ಕತ್ತರಿಸುವ ಅಲಗು ತಾನಾಗಿ ನಿಲ್ಲುವ ಏರ್ಪಾಡಿದೆ. 1960ರ ಯಂತ್ರಕ್ಕೆ ಆ ವಿವೇಕವಿಲ್ಲ. ಅದು ಯಾರು ಇಳಿದರೆಂದು ನೋಡುವುದಿಲ್ಲ. ಆ ವಿವೇಕ ಸವಾರನಲ್ಲೇ ಇರಬೇಕು.

ಗೆಳೆಯರ ಉಳುಮೆ

ಪ್ರದರ್ಶನದಲ್ಲಿ ನಿಲ್ಲಿಸಿ ನೋಡುವುದರಿಂದಷ್ಟೇ ಇವರಿಗೆ ತೃಪ್ತಿಯಿಲ್ಲ. ವಸಂತದಲ್ಲೋ ಕೊಯ್ಲಿನ ಅನಂತರವೋ ‘ಉಳುಮೆಯ ದಿನ’ ಎಂದು ಗೊತ್ತುಮಾಡುತ್ತಾರೆ. ಯಾರಾದರೊಬ್ಬ ರೈತ ತನ್ನ ಹೊಲದ ತುಂಡೊಂದನ್ನು ಬಿಟ್ಟುಕೊಡುತ್ತಾನೆ. ಒಂದೊಂದೇ ಗುಳದ ನೇಗಿಲು ಕಟ್ಟಿದ ಪುಟ್ಟ ಟ್ರಾಕ್ಟರುಗಳು, ಹಿಂದಿನ ಚಕ್ರಕ್ಕೆ ಸರಪಣಿ ಸುತ್ತಿಕೊಂಡು, ಒಂದು ಪಕ್ಕದ ಚಕ್ರಗಳನ್ನು ನೇಗಿಲ ಸಾಲಿನಲ್ಲಿ ಇಳಿಸಿ ಓರೆಯಾಗಿ ಒಂದರ ಹಿಂದೊಂದು ಸಾಗುತ್ತವೆ. ದೊಡ್ಡ ಟ್ರಾಕ್ಟರೊಂದು ಅಲ್ಪಕಾಲದಲ್ಲಿ ಮುಗಿಸುವ ಕೆಲಸಕ್ಕೆ ಇವರಿಗೆ ದಿನವೇ ಬೇಕು. ಅದೇ ಇವರ ಸುಖ. ನಡುವೆ ಒಬ್ಬನ ಯಂತ್ರ ನಿಂತಿತೆಂದರೆ ಎಲ್ಲರ ಯಂತ್ರವೂ ನಿಲ್ಲುತ್ತದೆ. ಹತ್ತು ತಲೆಗಳು ಒಂದೇ ಎಂಜಿನ್ನಿನ ಮೇಲೆ ಬಾಗುತ್ತವೆ. ಒಬ್ಬನ ಪೆಟ್ಟಿಗೆಯಿಂದ ಪ್ಲಗ್ಗು, ಇನ್ನೊಬ್ಬನ ಜೇಬಿನಿಂದ ತಂತಿ, ಮತ್ತೊಬ್ಬನ ನೆನಪಿನಿಂದ ಪರಿಹಾರ ಹೊರಬೀಳುತ್ತದೆ.

ಈ ನೆನಪೇ ಹವ್ಯಾಸದ ಪ್ರಾಣ. ವೀಲ್ ಹಾರ್ಸ್ ಸಂಸ್ಥೆ 1986ರಲ್ಲಿ ಟೋರೊ ಎಂಬ ಕಂಪನಿಯ ಪಾಲಾಯಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1981ರಲ್ಲೇ ಕಬ್ ಕೆಡೆಟ್ಟನ್ನು ಪರರಿಗೆ ಮಾರಿತು. ಕಟ್ಟಿದ ಕೈಗಳು ಚದುರಿದವು. ಎಷ್ಟೋ ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯುವುದಿಲ್ಲ. ಯಾವ ಗೇರು ಯಾವ ಯಂತ್ರಕ್ಕೆ ಒಗ್ಗುತ್ತದೆ, ಯಾವ ಸದ್ದು ಯಾವ ರೋಗದ ಲಕ್ಷಣ ಎಂಬುದೆಲ್ಲ ಕೈಪಿಡಿಯಲ್ಲಿ ಇಲ್ಲ. ಅದು ಎಪ್ಪತ್ತು ಎಂಬತ್ತು ವರ್ಷದ ಕೆಲವರ ಕಿವಿಯಲ್ಲಿ, ಬೆರಳುಗಳಲ್ಲಿ ಇದೆ.

ಆದ್ದರಿಂದಲೇ ಈ ಬಳಗದಲ್ಲಿ ಎಲ್ಲರನ್ನೂ ಕಾಡುವ ಚಿಂತೆಯೊಂದಿದೆ. ಕೊಟ್ಟಿಗೆಯ ಯಜಮಾನ ಕಣ್ಮುಚ್ಚುತ್ತಾನೆ. ಮಕ್ಕಳು ದೂರದ ಪಟ್ಟಣಗಳಲ್ಲಿರುತ್ತಾರೆ. ಅವರ ಮನೆಯಲ್ಲಿ ಟ್ರಾಕ್ಟರು ನಿಲ್ಲಿಸುವ ಸ್ಥಳವಿಲ್ಲ. ಹರಾಜು ಕೂಗುತ್ತಾರೆ. ಇಪ್ಪತ್ತು ವರ್ಷ ಕೂಡಿಸಿದ್ದು ಒಂದು ಮಧ್ಯಾಹ್ನದಲ್ಲಿ ಚದುರುತ್ತದೆ. ಉತ್ತಮವಾದವು ಇನ್ನೊಬ್ಬ ಹವ್ಯಾಸಿಯ ಮನೆ ಸೇರುತ್ತವೆ. ಉಳಿದವು ತೂಕದ ಲೆಕ್ಕದಲ್ಲಿ ಗುಜರಿಗೆ. ಯಂತ್ರವನ್ನಾದರೂ ಮರಳಿ ಕೊಳ್ಳಬಹುದು. ಹೋದವನ ತಿಳಿವಳಿಕೆಯನ್ನು ಯಾವ ಹರಾಜಿನಲ್ಲಿ ಕೊಳ್ಳುವುದು?

ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಸರಳವಾದುದು. ಓಡುವ ಯಂತ್ರವನ್ನು ತಾವಿಟ್ಟುಕೊಂಡು, ಓಡದ ಯಂತ್ರವನ್ನು ಕಿರಿಯರ ಕೈಗೆ ಕೊಡುವುದು! ಹತ್ತು ಹನ್ನೆರಡು ವರ್ಷದ ಹುಡುಗನೋ ಹುಡುಗಿಯೋ ಪ್ರತಿ ಭಾನುವಾರ ಬಂದು ಒಂದೊಂದು ತಿರುಪು ಬಿಚ್ಚಬೇಕು, ಬಿಚ್ಚಿದ್ದನ್ನು ಬರೆದಿಡಬೇಕು, ತಪ್ಪಿದರೆ ಮತ್ತೆ ಬಿಚ್ಚಬೇಕು. ಹಿರಿಯನ ಕೆಲಸ ಪಕ್ಕದಲ್ಲಿ ಕುಳಿತು ಕೈ ಕಟ್ಟಿಕೊಂಡಿರುವುದು. ಇಡೀ ಹವ್ಯಾಸದಲ್ಲಿ ಅತ್ಯಂತ ಕಷ್ಟವಾದ ಕೆಲಸ ಇದೇ ಎಂದು ಅನುಭವಿಗಳು ನಗುತ್ತಾರೆ.

ಪೋರ್ಟ್‌ಲೆಂಡಿನ ಜಾತ್ರೆ ಮುಗಿಯುವ ಸಂಜೆ ಯಂತ್ರಗಳು ಮತ್ತೆ ಬಂಡಿ ಏರುತ್ತವೆ. ಬಣ್ಣ ಮಾಸಿದ ಟ್ರಾಕ್ಟರೊಂದನ್ನು ಹಲಗೆಯ ಮೇಲೆ ಹತ್ತಿಸುವಾಗ ತಾತ ಕೆಳಗೆ ನಿಂತಿರುತ್ತಾನೆ, ಮೊಮ್ಮಗಳು ಚುಕ್ಕಾಣಿ ಹಿಡಿದಿರುತ್ತಾಳೆ. ಎಂಜಿನ್ ಒಮ್ಮೆ ಕೆಮ್ಮುತ್ತದೆ. ತಾತ ಬಾಯಿ ತೆರೆಯುವ ಮೊದಲೇ ಆಕೆಯ ಕೈ ಚೋಕಿನ ಗುಂಡಿಗೆ ಹೋಗಿರುತ್ತದೆ. ಆತ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು, ಹಗ್ಗ ಬಿಗಿಯಲು ಬಂಡಿಯ ಹಿಂಬದಿಗೆ ನಡೆಯುತ್ತಾನೆ.