ಬೀದಿಗೆ ಮರ, ಬಯಲಿಗೆ ಹುಲ್ಲು

ನರ್ಸರಿಯಿಂದ ತಂದ ಹೊಂಗೆ ಸಸಿಯ ಪ್ಲಾಸ್ಟಿಕ್ ಚೀಲವನ್ನು ಸೀಳಿ ನೋಡಿ. ಬಹಳ ದಿನ ಚೀಲದಲ್ಲೇ ಉಳಿದ ಸಸಿಯಾದರೆ ಬೇರು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ಹಾಗೆಯೇ ನೆಟ್ಟರೆ ಮಣ್ಣಿನೊಳಗೂ ಅದು ಸುತ್ತುತ್ತಲೇ ಹೋಗುತ್ತದೆ. ಮೇಲೆ ಮರ ಸೊಂಪಾಗಿ ಕಂಡರೂ ಕೆಳಗೆ ಹಿಡಿತವಿರುವುದಿಲ್ಲ. ಮುಂದೊಂದು ದಿನ ಬಿರುಗಾಳಿಗೆ ಉರುಳುವುದು ಇಂಥ ಮರವೇ. ಸುತ್ತಿದ ಬೇರನ್ನು ಕತ್ತರಿಸಿ, ಉಳಿದುದನ್ನು ಬಿಡಿಸಿ ನೆಡಬೇಕು. ಕಾಂಡ ಮುಗಿದು ಬೇರು ಶುರುವಾಗುವ ಜಾಗ ನೆಲದ ಮಟ್ಟದಲ್ಲಿರಲಿ. ಅದನ್ನು ಮಣ್ಣಿನಲ್ಲಿ ಹೂತರೆ ತೊಗಟೆ ಕೊಳೆಯುತ್ತದೆ.

ಬೆಂಗಳೂರಿನ ಹಳೆಯ ಬೀದಿಗಳ ಚೆಲುವಿನ ಹಿಂದೆ ಜರ್ಮನಿಯಿಂದ ಬಂದ ಜಿ.ಎಚ್. ಕ್ರುಂಬಿಗೆಲ್ ಅವರ ದುಡಿಮೆಯಿದೆ. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಅವರು, ಒಂದು ಜಾತಿಯ ಹೂವು ಉದುರುವಾಗ ಇನ್ನೊಂದು ಅರಳುವಂತೆ ಮರಗಳನ್ನು ಆಯ್ದರು. ಆಗ ಬೀದಿಯ ಪಕ್ಕದಲ್ಲಿ ಮಣ್ಣಿತ್ತು. ಇಂದಿನ ಬಡಾವಣೆಯಲ್ಲಿ ಮೇಲೆ ವಿದ್ಯುತ್ ತಂತಿ, ಕೆಳಗೆ ಚರಂಡಿ, ನಡುವೆ ಕಾಂಕ್ರೀಟು. ತಂತಿಯ ಕೆಳಗೆ ಮಳೆಮರ ನೆಟ್ಟರೆ ವರ್ಷ ವರ್ಷ ಅದರ ತಲೆ ಕಡಿಯಬೇಕಾಗುತ್ತದೆ. ಅಲ್ಲಿಗೆ ಬಸವನಪಾದ, ಕಕ್ಕೆಯಂಥ ಸಣ್ಣ ಮರ ಸಾಕು. ತಂತಿಯಿಲ್ಲದ ಅಗಲ ರಸ್ತೆಗೆ ಹೊಂಗೆ, ಬೇವು, ನೇರಳೆ ಒಪ್ಪುತ್ತವೆ.

ಮರಕ್ಕೆ ನೀರು, ಗಾಳಿ ಎರಡನ್ನೂ ಹೀರುವ ನವಿರು ಬೇರುಗಳು ಹೆಚ್ಚಾಗಿ ನೆಲದ ಮೇಲ್ಪದರದಲ್ಲೇ ಹರಡಿರುತ್ತವೆ. ಬುಡದವರೆಗೂ ಟೈಲ್ಸ್ ಹಾಸಿದರೆ ಮರದ ಉಸಿರು ಕಟ್ಟಿದಂತೆಯೇ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟ್ ಕಿತ್ತುಹಾಕಲು ಹೇಳಿತು. ನಿಮ್ಮ ಮನೆಯ ಮುಂದೆ ಅಷ್ಟು ಜಾಗ ಬಿಡಲು ಯಾರ ಆದೇಶವೂ ಬೇಕಿಲ್ಲ.

ಸಸಿ ನೆಡುವ ದಿನ ಫೋಟೋಗೆ ನಿಲ್ಲುವವರು ಬಹಳ, ಮಾರ್ಚ್ ತಿಂಗಳಲ್ಲಿ ಕೊಡ ಹಿಡಿದು ಬರುವವರು ಕಡಿಮೆ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟು ಸುಮ್ಮನಾಗಲಿಲ್ಲ. ದೂರದಿಂದ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳು ಕಟ್ಟಿದರು. ಆ ಆಲದ ಸಾಲು ಉಳಿದದ್ದು ಈ ಆರೈಕೆಯಿಂದ. ಬೀದಿ ಸಸಿಗೂ ಮೊದಲ ಎರಡು ಮೂರು ಬೇಸಿಗೆ ನೀರು ಬೇಕು. ಪಾತಿಗೆ ತರಗೆಲೆ ಹೊದಿಸಿದರೆ ತೇವ ಉಳಿಯುತ್ತದೆ. ಆ ಎಲೆಯನ್ನು ಗುಡಿಸಿ ಸುಡಬೇಡಿ.

ಇನ್ನು ಊರಾಚೆಯ ಬಯಲು. ಮರವಿಲ್ಲದ ನೆಲ ಕಂಡರೆ ಬರಡು ಎಂದುಕೊಳ್ಳುವುದು ನಮ್ಮ ದೊಡ್ಡ ತಪ್ಪು. ಹೆಸರಘಟ್ಟದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಸೆಳೆವ (ಹ್ಯಾರಿಯರ್) ಎಂಬ ಹಕ್ಕಿಗಳು ದೂರದಿಂದ ಬಂದು ತಂಗುತ್ತವೆ, ಹುಲ್ಲಿನ ಮೇಲೆ ತಗ್ಗಿ ಹಾರುತ್ತಾ ಬೇಟೆಯಾಡುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳು ಅಪಾಯ ಕಂಡೊಡನೆ ಓಡಿ ಪಾರಾಗುವ ಪ್ರಾಣಿಗಳು; ಅವಕ್ಕೆ ತೆರೆದ ಬಯಲೇ ಬೇಕು. ಅಲ್ಲಿ ಅಕೇಶಿಯಾ, ನೀಲಗಿರಿ ತುಂಬಿದರೆ ಕೆಳಗೆ ಹುಲ್ಲು ಸೊರಗುತ್ತದೆ, ಹುಲ್ಲನ್ನು ನಂಬಿದ ಜೀವಗಳು ಜಾಗ ಬಿಡುತ್ತವೆ.

ಸಸಿಯನ್ನು ನಿಮ್ಮ ಬೀದಿಗೆ ತನ್ನಿ, ನೀರು ಹಾಕಿ ಬೆಳೆಸಿ. ಹುಲ್ಲುಗಾವಲಿಗೆ ಮಾತ್ರ ಗುದ್ದಲಿ ಹಿಡಿದು ಹೋಗಬೇಡಿ.