ಉಡ ಮೊಟ್ಟೆಯಿಡುವ ಕಾಲದಲ್ಲಿ ಮನೆ, ಹಿತ್ತಲು ಕಾಪಾಡುವುದು ಹೇಗೆ?

ಬಡಾವಣೆಗಳ ಖಾಲಿ ನಿವೇಶನ, ಚರಂಡಿ ಬದಿ, ಕಲ್ಲುಗುಡ್ಡೆಗಳಲ್ಲಿ ಕಾಣಬಹುದಾದ ಭಾರಿ ಹಲ್ಲಿ ಇಗ್ವಾನಾ ಅಲ್ಲ, ಉಡ. ಇಗ್ವಾನಾ ಅಮೆರಿಕ ಖಂಡದ್ದು. ಅದು ಸೊಪ್ಪು, ಹೂವು ಮೇಯುತ್ತದೆ. ಉಡ ಈ ನೆಲದ್ದೇ, ಗಿಡದ ತಂಟೆಗೆ ಹೋಗುವುದಿಲ್ಲ. ಜೀರುಂಡೆ, ಗೊಬ್ಬರದ ಹುಳು, ಬಸವನಹುಳು, ಚೇಳು, ಇಲಿಮರಿ ಅದರ ಆಹಾರ. ಕೋಳಿಮೊಟ್ಟೆ ಸಿಕ್ಕರೆ ಬಿಡದು. ಜಗಳ ಬರುವುದು ಅಲ್ಲೇ.

ಮಳೆಗಾಲದಲ್ಲಿ ಹೆಣ್ಣು ಉಡ ಸಡಿಲ ಮಣ್ಣನ್ನೋ ಹುತ್ತವನ್ನೋ ಮುಂಗಾಲಿನಿಂದ ಕೆರೆದು ಸುಮಾರು 20 ಮೊಟ್ಟೆಯಿಟ್ಟು, ಮಣ್ಣು ಎಳೆದು ಮುಚ್ಚುತ್ತದೆ. ಮೊಟ್ಟೆ ಒಡೆಯಲು ತಿಂಗಳುಗಳೇ ಬೇಕು. ಆದ್ದರಿಂದ ಕೆಲಸ ಮುಂಗಾರಿಗೆ ಮುಂಚೆಯೇ ಆಗಬೇಕು: ಕಾಂಪೌಂಡಿನ ಬಿಲ, ಸಂದುಗಳನ್ನು ಒಳಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು ಸಿಮೆಂಟಿನಿಂದ ಮುಚ್ಚುವುದು, ಇಟ್ಟಿಗೆ, ಜಲ್ಲಿ ರಾಶಿ ತೆಗೆಸುವುದು, ಚರಂಡಿ ಬಾಯಿಗೆ ಜಾಲರಿ ಹಾಕುವುದು, ಕೋಳಿಗೂಡಿನ ಬುಡಕ್ಕೆ ತಂತಿಬಲೆಯನ್ನು ಒಂದಡಿ ಆಳಕ್ಕೆ ಹೂಳುವುದು. ಮಾಂಸದ ಕಸ ಹೊರಗೆ ಬಿದ್ದಿದ್ದರೆ ಇವೆಲ್ಲ ದಂಡ.

ಉಡದ ಕಡಿತಕ್ಕೆ ಜನ ಹೆದರುವಷ್ಟು ವಿಷವಿಲ್ಲ. ಮೂಲೆಗೆ ಒತ್ತಿದರೆ ಬುಸುಗುಟ್ಟಿ ಬಾಲ ಬೀಸುತ್ತದೆ, ಪಟ್ಟು ಹಿಡಿದು ಕಚ್ಚಲೂಬಹುದು. ಕಚ್ಚಿದ ಗಾಯವನ್ನು ವೈದ್ಯರಿಗೆ ತೋರಿಸಬೇಕು. ಮನೆಯೊಳಗೆ ಹೊಕ್ಕರೆ ನಾಯಿಯನ್ನು ಕಟ್ಟಿ, ಹೊರಬಾಗಿಲು ತೆರೆದಿಟ್ಟು ದೂರ ಸರಿದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿ ಉಡವಿದೆ: ಹಿಡಿಯುವುದು, ಕೊಲ್ಲುವುದು, ಮೊಟ್ಟೆ ನಾಶಮಾಡುವುದು ಎಲ್ಲವೂ ಜೈಲುಶಿಕ್ಷೆಯ ಅಪರಾಧ.