ಸೈಟ್ ಇದ್ದರೆ ಸಾಕೇ? ಮೊದಲು ಸಾಲವೋ, ನಕ್ಷೆಯೋ?

"ಸೈಟ್ ನಿಮ್ಮ ಹೆಸರಲ್ಲಿದ್ದರೆ ಸಾಕು, ಬ್ಯಾಂಕ್ ಸಾಲ ಕೊಡುತ್ತದೆ. ನಕ್ಷೆ ಆಮೇಲೆ ಮಾಡಿಸಿಕೊಳ್ಳಿ" ಎಂಬ ಸಲಹೆ ನಿಮಗೂ ಬಂದಿದೆಯೇ? ಫಾರ್ವರ್ಡ್ ಮಾಡಬೇಡಿ, ಇದು ತಪ್ಪು.

ಸ್ವಂತ ಸೈಟಿನಲ್ಲಿ ಮನೆ ಕಟ್ಟಲು ಸಾಲ ಕೇಳುವವರಿಂದ ಮಂಜೂರಾದ ನಕ್ಷೆಯ ಪ್ರತಿಯನ್ನು ಬ್ಯಾಂಕು ಮೊದಲೇ ಪಡೆಯಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ನಕ್ಷೆ ಮೀರಿ ಕಟ್ಟುವುದಿಲ್ಲವೆಂದು ಅಫಿಡವಿಟ್ ಕೂಡ ಕೊಡಬೇಕು. ಹಾಗಾಗಿ ಖಾತೆ ಮತ್ತು ನಕ್ಷೆ ಮೊದಲು, ಸಾಲ ಆಮೇಲೆ.

ಸಾಲ ಮಂಜೂರಾದರೂ ಹಣ ಒಟ್ಟಿಗೆ ಕೈಗೆ ಬರುವುದಿಲ್ಲ. ಪಾಯ, ಗೋಡೆ, ಆರ್‌ಸಿಸಿ ಎಂದು ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಬರುತ್ತದೆ. ನಿಮ್ಮ ಪಾಲಿನ ಹಣವೂ ಬೇಕು. 30 ಲಕ್ಷದವರೆಗಿನ ಸಾಲವಾದರೆ ಬ್ಯಾಂಕು ಹೆಚ್ಚೆಂದರೆ ಶೇ 90, ಸಾಲ 75 ಲಕ್ಷ ಮೀರಿದರೆ ಶೇ 75ರಷ್ಟು ಮಾತ್ರ ಕೊಡಬಹುದು. ಕೈಯಲ್ಲಿ ಕಾಸಿಲ್ಲದೆ ಪಾಯ ತೋಡಿಸಿದರೆ ಮುಂದಿನ ಕಂತು ಬರುವಷ್ಟರಲ್ಲಿ ಮೇಸ್ತ್ರಿ ಬೇರೆ ಕೆಲಸ ಹಿಡಿದಿರುತ್ತಾರೆ!

ಇತ್ತ ಬಿಡುಗಡೆಯಾದ ಹಣಕ್ಕೆ ಬಡ್ಡಿ ಅಂದಿನಿಂದಲೇ ಓಡುತ್ತದೆ, ಈಗಿರುವ ಮನೆಯ ಬಾಡಿಗೆಯೂ ನಿಲ್ಲುವುದಿಲ್ಲ. ಆದಾಯ ತೆರಿಗೆಯಲ್ಲೂ ಒಂದು ಗಡುವಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ, ಸಾಲ ಪಡೆದ ಹಣಕಾಸು ವರ್ಷ ಮುಗಿದ 5 ವರ್ಷದೊಳಗೆ ಮನೆ ಪೂರ್ತಿಯಾಗದಿದ್ದರೆ, ಸ್ವಂತ ವಾಸದ ಮನೆಯ ಬಡ್ಡಿಗೆ ಸಿಗುವ ವಿನಾಯಿತಿಯ ಮಿತಿ ವರ್ಷಕ್ಕೆ 2 ಲಕ್ಷದಿಂದ 30,000 ರೂಪಾಯಿಗೆ ಇಳಿಯುತ್ತದೆ.

ಬ್ಯಾಂಕಿನ ಮಂಜೂರಾತಿ ಪತ್ರಕ್ಕೂ ನಕ್ಷೆಯ ಪರವಾನಗಿಗೂ ಅವಧಿ ಇರುತ್ತದೆ. ಗುದ್ದಲಿ ಪೂಜೆಗೆ ದಿನ ನೋಡುವಾಗ ಆ ಎರಡು ಕಾಗದಗಳಲ್ಲಿರುವ ದಿನಾಂಕವನ್ನೂ ನೋಡಿಕೊಳ್ಳಿ.